ಯಶವಂತಪುರದಿಂದ ಲೇಹ್: ಜೂನ್‌ನಲ್ಲಿ ಎರಡು ಬೈಕ್, ಮನಾಲಿಯಿಂದ ಹತ್ತಬೇಕಾ, ಶ್ರೀನಗರದಿಂದಾ?

ಚೈನ್_ಸ್ಪ್ರಾಕೆಟ್
ಜೂನ್ ಎರಡನೇ ವಾರ ಹೊರಡುವ ಯೋಚನೆ. ಎರಡು ಬೈಕ್, ಮೂರು ಜನ. ಒಂದು ಹಿಮಾಲಯನ್ 411, ಇನ್ನೊಂದು ಕಾರ್ಬುರೇಟರ್ ಕಾಲದ ಕ್ಲಾಸಿಕ್ 350, ಅದರಲ್ಲಿ ಇಬ್ಬರು. ರಜೆ 16 ದಿನ. ಬೈಕ್‌ಗಳನ್ನು ರೈಲಿಗೆ ಹಾಕಿ ಚಂಡೀಗಢ, ಅಲ್ಲಿಂದ ಮನಾಲಿ, ಸರ್ಚುವಿನಲ್ಲಿ ಒಂದು ರಾತ್ರಿ, ಲೇಹ್, ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ), ಪ್ಯಾಂಗಾಂಗ್ ಸರೋವರ, ಆಮೇಲೆ ಕಾರ್ಗಿಲ್, ಶ್ರೀನಗರ, ಜಮ್ಮು ಮೇಲೆ ವಾಪಸ್ ಚಂಡೀಗಢ. ದಿನಕ್ಕೆ 250 ಕಿ.ಮೀ. ಲೆಕ್ಕ ಇಟ್ಟಿದ್ದೇವೆ. ಎಲ್ಲಿ ಎಡವಿದ್ದೇವೆ ಹೇಳಿ. ಗಾಡಿಗೆ ಏನೇನು ಮಾಡಿಸಬೇಕು, ಏನು ಹೊರಬೇಕು ಅದನ್ನೂ.

ಉತ್ತರಮುಖಿ
ಮೊದಲು ಕಿಲೋಮೀಟರ್ ಲೆಕ್ಕ ಪಕ್ಕಕ್ಕಿಡಿ. ಈ ದಾರಿಯಲ್ಲಿ ಪ್ಲಾನ್ ಬರೆಯಬೇಕಾದದ್ದು ರಾತ್ರಿ ಮಲಗುವ ಊರಿನ ಎತ್ತರದ ಮೇಲೆ. ಹಗಲು 5,300 ಮೀಟರ್ ದಾಟಿ ಇಳಿದರೆ ದೇಹ ತಡೆದುಕೊಳ್ಳುತ್ತದೆ. ಒಗ್ಗಿಕೊಳ್ಳದ ದೇಹ ಎತ್ತರದಲ್ಲಿ ನಿದ್ದೆ ಮಾಡಿದರೆ ಅಲ್ಲಿಂದ ತೊಂದರೆ ಶುರು.

ನಿಮ್ಮ ಪ್ಲಾನ್ ಪ್ರಕಾರ ಮನಾಲಿ 2,050 ಮೀಟರ್, ಮರುರಾತ್ರಿ ಸರ್ಚು 4,290. ಒಂದೇ ದಿನಕ್ಕೆ 2,200 ಮೀಟರ್ ಮೇಲೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುವುದು ಸಾಮಾನ್ಯ ನಿಯಮ. ಇನ್ನೂ ಕೆಟ್ಟದ್ದೇನೆಂದರೆ ಸರ್ಚುವಿನಲ್ಲಿ ರಾತ್ರಿ ಯಾರಿಗಾದರೂ ಆರೋಗ್ಯ ಕೈಕೊಟ್ಟರೆ ಕೆಳಗಿಳಿಯಲು ದಾರಿ ಇಲ್ಲ. ಮನಾಲಿ ಕಡೆ ಬಾರಾಲಾಚಾ ಲಾ ಸುಮಾರು 4,890, ಲೇಹ್ ಕಡೆ ಲಾಚುಲುಂಗ್ ಲಾ 5,059. ಯಾವ ಕಡೆ ಹೊರಟರೂ ಮೊದಲು ಹತ್ತಲೇಬೇಕು. ಲೇಹ್ ಕಡೆಗೆ ಮುಂದೆ ಸಿಗುವ ತಂಗುದಾಣ ಪಾಂಗ್ ಕಥೆಯೂ ಅದೇ, ಅದು 4,600ರಲ್ಲಿದೆ, ಎರಡೂ ಕಡೆ ಕಣಿವೆದಾರಿಗಳ ಬೀಗ.

ಆದ್ದರಿಂದ ಸುತ್ತನ್ನು ತಿರುಗಿಸಿ. ಶ್ರೀನಗರ 1,585, ಕಾರ್ಗಿಲ್ ಸುಮಾರು 2,680, ಲೇಹ್ 3,500. ನಡುವೆ ಸಿಗುವ ಜೋಜಿ ಲಾ 3,528, ಫೋಟು ಲಾ 4,108, ಎರಡನ್ನೂ ಹಗಲಲ್ಲೇ ದಾಟಿ ಇಳಿಯುತ್ತೀರಿ. ಕಾರ್ಗಿಲ್‌ನಿಂದ ಲೇಹ್‌ಗೂ 800 ಮೀಟರ್ ನೆಗೆತ ಇದೆ, ಅದಕ್ಕೇ ಲೇಹ್ ತಲುಪಿ ಎರಡು ಪೂರ್ತಿ ದಿನ ಬೈಕ್ ಮುಟ್ಟಬೇಡಿ. ಮನಾಲಿ ದಾರಿಯನ್ನು ಇಳಿಯಲು ಇಟ್ಟುಕೊಳ್ಳಿ.

ದಿನಕ್ಕೆ 250 ಕೂಡ ಎಲ್ಲ ಕಡೆ ಆಗುವುದಿಲ್ಲ. ಒಳ್ಳೆ ಡಾಂಬರು ಇದ್ದರೂ ತಿರುವು, ರಸ್ತೆಗೆ ಅಡ್ಡ ಹರಿಯುವ ನಾಲಾ, ಸೇನೆಯ ಲಾರಿ ಸಾಲು, ಚಹಾ ಎಲ್ಲ ಸೇರಿ ಗಂಟೆಗೆ 30ರ ಸರಾಸರಿ ಹಿಡಿದರೆ ಸಾಕು.

ಘಟ್ಟದ_ಕೆಳಗಿನವ
ಅಲ್ಲ ಮಾರಾಯ್ರೆ, ಮನಾಲಿಯಿಂದ ಹತ್ತಲೇಬಾರದು ಅಂತ ಇಲ್ಲ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ಶುರುವಾದ ಮೇಲೆ ರೋಹ್ತಾಂಗ್ ಹತ್ತುವ ಕೆಲಸ ತಪ್ಪಿದೆ, 46 ಕಿ.ಮೀ. ಕಡಿಮೆಯೂ ಆಯ್ತು. ಸುರಂಗದಲ್ಲಿ ಹೋದರೆ ರೋಹ್ತಾಂಗ್ ಪರ್ಮಿಟ್ ಕೂಡ ಬೇಡ. ಜಿಸ್ಪಾದಲ್ಲಿ, ಅಂದರೆ 3,200 ಮೀಟರಿನಲ್ಲಿ, ಎರಡು ರಾತ್ರಿ ಕೂತು ಮೂರನೇ ದಿನ ಬೆಳಿಗ್ಗೆ 5ಕ್ಕೆ ಹೊರಟು ಸರ್ಚು, ಪಾಂಗ್ ಎಲ್ಲೂ ಮಲಗದೆ ಒಂದೇ ಸಲಕ್ಕೆ ಲೇಹ್ ಮುಟ್ಟುವವರು ಉಂಟು. 340 ಕಿ.ಮೀ. ಆಗ್ತದೆ.

ಶ್ರೀನಗರ ದಾರಿಯೇನೂ ಹೂವಿನ ಹಾಸಿಗೆ ಅಲ್ಲ. ರಾಂಬನ್‌ನಿಂದ ಬನಿಹಾಲ್‌ವರೆಗೆ ಒಂದು ಮಳೆ ಬಿದ್ದರೆ ಗುಡ್ಡ ಕೆಳಗೆ ಬರ್ತದೆ, ರಸ್ತೆ ಅರ್ಧ ದಿನ ಬಂದ್. ಅಮರನಾಥ ಯಾತ್ರೆ ಶುರುವಾದರೆ ಯಾತ್ರಿಗಳು ಹೊರಡುವ ಬಾಲ್ತಾಲ್ ಕಡೆ ವಾಹನ ಬಿಡ್ಲಿಕ್ಕೆ ಹೊತ್ತು ನಿಗದಿ ಮಾಡ್ತಾರೆ, ಸೋನಾಮಾರ್ಗ್‌ನಲ್ಲಿ ರೂಮೂ ಕಷ್ಟ.

ಉತ್ತರಮುಖಿ
ಒಬ್ಬರೇ, ಇಂಜೆಕ್ಷನ್ ಗಾಡಿ (ಪೆಟ್ರೋಲ್ ಅಳತೆಯನ್ನು ತಾನೇ ಸರಿಹೊಂದಿಸಿಕೊಳ್ಳುವಂಥದ್ದು), ದಿನಕ್ಕೆ 12 ಗಂಟೆ ಕೂರುವ ಅಭ್ಯಾಸ ಇರುವವರಿಗೆ ನೀವು ಹೇಳಿದ್ದು ಸರಿ. ಇವರದ್ದು ಕಾರ್ಬುರೇಟರ್ ಗಾಡಿ, ಮೇಲೆ ಇಬ್ಬರು. 340 ಕಿ.ಮೀ. ಮಧ್ಯೆ ತಂಗ್ಲಂಗ್ ಲಾ 5,328 ಮೀಟರ್. ಅಲ್ಲಿ ಸಂಜೆ ಗಾಡಿ ನಿಂತರೆ ಪಾಂಗ್‌ನಲ್ಲೇ ಮಲಗಬೇಕು, ಅದನ್ನು ತಪ್ಪಿಸುವುದಕ್ಕೇ ತಾನೆ ಇಷ್ಟೆಲ್ಲ.

ಯಾತ್ರೆಯ ಮಾತು ನಿಜ. ಅದು ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಮೊದಲ ವಾರ ಶುರು. ಜೂನ್ ಎರಡನೇ ವಾರ ಹೊರಟರೆ ಅದಕ್ಕೆ ಮುಂಚೆ ಜೋಜಿ ಲಾ ದಾಟಿರುತ್ತೀರಿ. ಸೋನಾಮಾರ್ಗ್ ಸುರಂಗ 2025ರ ಜನವರಿಯಿಂದ ತೆರೆದಿದೆ, ಜೋಜಿ ಲಾ ಸುರಂಗ ಇನ್ನೂ ಆಗಬೇಕು. ಹಾಗಾಗಿ ಕಣಿವೆಯ ಕೆಸರು, ಏಕಮುಖ ಸಂಚಾರದ ಹೊತ್ತು ಇವೆಲ್ಲ ಇದ್ದೇ ಇವೆ. ಹಿಂದಿನ ರಾತ್ರಿ ಸೋನಾಮಾರ್ಗ್‌ನಲ್ಲಿ ಪೊಲೀಸರನ್ನು ಕೇಳಿ ಹೊರಡುವ ಹೊತ್ತು ಇಟ್ಟುಕೊಳ್ಳಿ.

ಜುಲೈ, ಆಗಸ್ಟ್‌ಗೆ ತಳ್ಳುವ ಯೋಚನೆ ಮಾತ್ರ ಬೇಡ. ಲಡಾಖ್ ಮಳೆನೆರಳಿನ ನಾಡು, ಆದರೆ ಅಲ್ಲಿಗೆ ಹೋಗುವ ದಾರಿಯ ಮಂಡಿ, ಕುಲ್ಲು ಊರುಗಳು ಹಾಗಲ್ಲ. 2023ರ ಜುಲೈನಲ್ಲಿ ಬಿಯಾಸ್ ನದಿ ಹೆದ್ದಾರಿಯನ್ನೇ ಕೊಚ್ಚಿಕೊಂಡು ಹೋಗಿತ್ತು.

ಸ್ಟೆತಸ್ಕೋಪ್
ಮಾತ್ರೆಯ ವಿಷಯ ಬರುವ ಮೊದಲೇ ಬರೆಯುತ್ತೇನೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್, ಅಂಗಡಿಯಲ್ಲಿ ಡಯಾಮಾಕ್ಸ್ ಎನ್ನುವುದು, ಸಾಮಾನ್ಯ ಪ್ರಮಾಣ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ. ಎತ್ತರ ಹತ್ತುವ ಹಿಂದಿನ ದಿನ ಶುರು ಮಾಡಿ ಮೇಲೆ ತಲುಪಿ ಎರಡು ದಿನದವರೆಗೆ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 250ರ ಮಾತ್ರೆ, ಅರ್ಧ ಮಾಡಬೇಕು. ಸಲ್ಫಾ ಔಷಧಿ ಒಗ್ಗದವರು, ಮೂತ್ರಪಿಂಡದ ತೊಂದರೆ ಇದ್ದವರು ನಿಮ್ಮ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಬೆರಳ ತುದಿ ಜುಮುಜುಮು ಅನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರ ಮಾಮೂಲಿ ಅಡ್ಡಪರಿಣಾಮ. ಊರಲ್ಲೇ ಎರಡು ದಿನ ತೆಗೆದುಕೊಂಡು ನೋಡುವುದು ಒಳ್ಳೆಯದು.

ತಲೆನೋವಿನ ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅಂದು ಇನ್ನು ಮೇಲೆ ಹತ್ತಬಾರದು. ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಅಲ್ಲೇ ಇರಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿನಲ್ಲಿ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿದಾಗ ತೂರಾಡಿದರೆ, ಮಾತು ತೊದಲಿದರೆ, ಮಿದುಳು ಊದಿಕೊಳ್ಳುತ್ತಿದೆ ಎಂದರ್ಥ. ಎರಡಕ್ಕೂ ಆಗಲೇ ಇಳಿಯಬೇಕು, ಬೆಳಗಾಗಲಿ ಅನ್ನುವಂತಿಲ್ಲ. ಲೇಹ್‌ನಲ್ಲಿ ಸೋನಂ ನೋರ್ಬು ಸ್ಮಾರಕ ಆಸ್ಪತ್ರೆ ಇದೆ, ಇಂಥ ರೋಗಿಗಳನ್ನು ನೋಡಿ ಪಳಗಿದವರು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದರೆ ಲೇಹ್‌ನಲ್ಲಿ ಮೊದಲ ದಿನ 85ರಿಂದ 89ರೊಳಗಿನ ಅಂಕಿ ಕಂಡರೆ ಹೆದರಬೇಡಿ. ಅಂಕಿಗಿಂತ ಲಕ್ಷಣ ಮುಖ್ಯ. ಸ್ಪ್ರೇ ಡಬ್ಬಿಯ ಆಮ್ಲಜನಕಕ್ಕೆ ದುಡ್ಡು ಹಾಕಬೇಡಿ. 10 ಲೀಟರ್ ಡಬ್ಬಿ ಅಂದರೆ ನಿಮಿಷಕ್ಕೆ 2 ಲೀಟರಿನಂತೆ ಐದು ನಿಮಿಷ. ಮೊದಲ ಮೂರು ದಿನ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ.

ಇನ್ನೊಂದು. ಹಿಂದೆ ಕೂತವರು ಮೊದಲು ಸುಸ್ತಾಗುತ್ತಾರೆ, ಹೇಳುವುದಿಲ್ಲ. ಪ್ರತಿ ನಿಲುಗಡೆಯಲ್ಲಿ ಮಾತಾಡಿಸಿ.

ಹುಬ್ಬಳ್ಳಿ_ಗ್ಯಾರೇಜ್
ಗಾಡಿ ವಿಷಯ ನಾ ಹೇಳ್ತೀನಿ ನೋಡ್ರಿ. 5,300 ಮೀಟರ್‌ನ್ಯಾಗ ಗಾಳಿ ಒತ್ತಡ ಸಮುದ್ರಮಟ್ಟದ ಅರ್ಧದಷ್ಟ ಇರ್ತೈತಿ. ಇಂಜೆಕ್ಷನ್ ಗಾಡಿ ಪೆಟ್ರೋಲ್ ಕಡಿಮಿ ಮಾಡಿ ಸರಿಹೊಂದಸ್ಕೋತೈತಿ, ಆದ್ರ ಪವರ್ ಅದಕ್ಕೂ ಬಿದ್ದೇ ಬೀಳ್ತೈತಿ. ಕಾರ್ಬುರೇಟರ್ ಗಾಡಿಗೆ ಗಾಳಿ ಕಡಿಮಿ ಆದ್ರೂ ಪೆಟ್ರೋಲ್ ಅಷ್ಟ ಕಡಿಮಿ ಆಗಂಗಿಲ್ಲ. ಹೊಗಿ ಕಪ್ಪು, ಪ್ಲಗ್ ಮ್ಯಾಲೆ ಮಸಿ, ಎಳೀಲಿಕ್ಕೆ ದಮ್ಮ ಇಲ್ಲ. ಕ್ಲಾಸಿಕ್‌ದು ಸಿವಿ ಕಾರ್ಬುರೇಟರ್ ಆಗಿದ್ದಕ್ಕ ಸ್ವಲ್ಪ ತಾನ ಹೊಂದಸ್ಕೋತೈತಿ, ಪೂರ್ತಿ ಅಲ್ಲ.

ಏನು ಮಾಡಬೇಕು? ಏರ್ ಫಿಲ್ಟರ್ ಹೊಸಾದು. ಒಂದು ಅಳತಿ ಸಣ್ಣ ಮೇನ್ ಜೆಟ್ (ಕಾರ್ಬುರೇಟರಿನ್ಯಾಗ ಪೆಟ್ರೋಲ್ ಬಿಡೋ ಸಣ್ಣ ತೂತಿನ ಭಾಗ) ತಗೊಂಡು ಲೇಹ್‌ನ್ಯಾಗ ಹಾಕಿಸ್ಕೋರಿ, ಚಂಡೀಗಢದಾಗಿಂದ ಹಾಕ್ಕೊಂಡು ಹೋದ್ರ ಬಯಲಿನ ಬಿಸಿಲಾಗ ಲೀನ್ ಆಗಿ, ಅಂದ್ರ ಗಾಳಿಗೆ ಪೆಟ್ರೋಲ್ ಸಾಲದ, ಎಂಜಿನ್ ಕಾಯ್ತೈತಿ. ವಾಪಸ್ ಮನಾಲಿಗೆ ಇಳಿದ ಮ್ಯಾಲೆ ಹಳೇ ಜೆಟ್ ಹಾಕಿಸಿ. ಕ್ಲಾಸಿಕ್ಕಿಗೆ ಎರಡು ಪ್ಲಗ್ ಇರ್ತಾವು ಮರೀಬ್ಯಾಡ್ರಿ, ಎರಡಕ್ಕೂ ಸ್ಪೇರ್ ಬೇಕು. ಮಸಿ ಹಿಡಿದ ಪ್ಲಗ್ ತಂತಿ ಬ್ರಷ್‌ನಿಂದ ಉಜ್ಜಿ ಇಟ್ಕೋರಿ. ಕೆಲವರು ಏರ್ ಫಿಲ್ಟರ್ ತಗದು ಓಡಸ್ರಿ ಅಂತ ಬುದ್ಧಿ ಹೇಳ್ತಾರ. ಪಾಂಗ್ ಆಚೆ ಮೋರೆ ಅನ್ನೋ ಬಯಲಿನ ಧೂಳು ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್ ತಿಂದು ಹಾಕ್ತೈತಿ. ಮಾಡಬ್ಯಾಡ್ರಿ.

ಈ ದಾರ್ಯಾಗ ಹೆಚ್ಚು ಹಾಳಾಗೋದು ಕ್ಲಚ್ ಪ್ಲೇಟ್. ಇಬ್ಬರು, ಬ್ಯಾಗು, ಪವರ್ ಇಲ್ಲ, ಏರು. ಎರಡನೇ ಗೇರಿನ್ಯಾಗ ಹಾಫ್ ಕ್ಲಚ್ ಹಿಡಿದು ಎಳಸ್ತಾರ, ಗಾಟಾ ಲೂಪ್ಸ್‌ನ 21 ತಿರುವು ಮುಗಿಯೋದರಾಗ ಸುಟ್ಟ ವಾಸನಿ. ತಿರುವಿನ ಮೊದಲ ಫಸ್ಟ್ ಗೇರ್ ಹಾಕಿ ಕ್ಲಚ್ ಪೂರಾ ಬಿಡ್ರಿ. ಸಾಲಂಗಿಲ್ಲ ಅಂದ್ರ ಹಿಂದ ಕುಂತವರು ಇಳಿದು 50 ಹೆಜ್ಜಿ ನಡೀಲಿ, ಆದ್ರ ನಿಧಾನಕ್ಕ. ಕ್ಲಚ್ ಲಿವರಿನ್ಯಾಗ 2-3 ಮಿ.ಮೀ. ಸಡಿಲು ಇರಬೇಕು, ಬಿಗಿ ಇದ್ರ ಪ್ಲೇಟ್ ಸದಾ ಜಾರ್ತಾನ ಇರ್ತೈತಿ.

ಟಯರ್ ಗಾಳಿ: ಚಂಡೀಗಢದ 35 ಡಿಗ್ರಿಯೊಳಗ 25 ಪಿಎಸ್‌ಐ ತುಂಬಿದ್ರ ತಂಗ್ಲಂಗ್ ಲಾದ ಚಳಿಯೊಳಗ 28ರ ಆಸುಪಾಸು ತೋರಿಸ್ತೈತಿ, ಮಧ್ಯಾಹ್ನ ಬಿಸಿಲು ಬಿದ್ರ 30. ಹೊರಗಿನ ಒತ್ತಡ ಕಡಿಮಿ ಆಗೋದು ಟಯರ್ ಉಬ್ಬಸ್ತೈತಿ, ಚಳಿ ಸ್ವಲ್ಪ ಇಳಸ್ತೈತಿ. ಸಣ್ಣ ಗೇಜ್ ಇಟ್ಕೊಂಡು ದಿನಾ ಮುಂಜಾನೆ ನೋಡ್ರಿ. ಜಲ್ಲಿ ಮ್ಯಾಲೆ ಉಬ್ಬಿದ ಮುಂದಿನ ಟಯರ್ ಜಾರ್ತೈತಿ.

ಸಾಮಾನು: ಎರಡೂ ಗಾಡಿಗೆ ಮುಂದಿನ, ಹಿಂದಿನ ಟ್ಯೂಬ್ ಬ್ಯಾರೆ ಬ್ಯಾರೆ, ಟಯರ್ ಲಿವರ್ ಮೂರು (ಎರಡರಿಂದ ಕೈ ಗಾಯ ಆಗ್ತೈತಿ ಅಷ್ಟ), ಪಂಪು, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಚೈನ್ ಲಾಕ್, ಕ್ಲಚ್ ಮತ್ತ ಬ್ರೇಕ್ ಲಿವರ್, ಫ್ಯೂಸ್, ಎಂ-ಸೀಲ್, ಜಿಪ್ ಟೈ, ಅರ್ಧ ಲೀಟರ್ ಎಂಜಿನ್ ಆಯಿಲ್, ಚೈನ್ ಸ್ಪ್ರೇ. ಹೊಸ ಕ್ಲಚ್ ಕೇಬಲ್ ಹಳೇದರ ಪಕ್ಕಕ್ಕ ಈಗಲೇ ಎಳೆದು ಟೈ ಮಾಡಿ ಬಿಡ್ರಿ, ಅಲ್ಲಿ ತುದಿ ಸಿಕ್ಕಸಿದ್ರ ಮುಗೀತು. ಹಿಂದಿನ ಚಕ್ರದ ಆಕ್ಸಲ್ ನಟ್ಟಿನ ಸ್ಪ್ಯಾನರ್ ನಿಮ್ಮ ಕಿಟ್‌ನ್ಯಾಗ ಐತೇನು ನೋಡ್ರಿ. ಹೊರಡೋ ಮೊದಲ ಮನಿ ಮುಂದ ಒಮ್ಮಿ ಚಕ್ರ ಬಿಚ್ಚಿ ಟ್ಯೂಬ್ ತಗದು ಹಾಕ್ರಿ. ಕ್ಲಚ್ ಪ್ಲೇಟ್, ಬೇರಿಂಗ್ ಹೊರಬ್ಯಾಡ್ರಿ, ಲೇಹ್‌ನ್ಯಾಗ ಎನ್‌ಫೀಲ್ಡ್ ಮೆಕ್ಯಾನಿಕ್ಕರಿಗೆ ಬರ ಇಲ್ಲ.

ಸರ್ವಿಸ್ ಹೊರಡೋ ಹಿಂದಿನ ದಿನ ಬ್ಯಾಡ. ಎರಡು ವಾರ ಮೊದಲ ಮಾಡಿಸಿ 300 ಕಿ.ಮೀ. ಓಡಿಸಿ, ಸಡಿಲು ಬಿಟ್ಟ ನಟ್ಟು ಊರಾಗ ಗೊತ್ತಾಗಲಿ. ಬ್ರೇಕ್ ಆಯಿಲ್ ಎರಡು ವರ್ಷ ಹಳೇದಿದ್ರ ಬದಲಾಯಿಸ್ರಿ, ಅದು ನೀರು ಹೀರಿ ಉದ್ದ ಇಳಿಜಾರಿನ್ಯಾಗ ಕುದಿದು ಲಿವರ್ ಮೆತ್ತಗಾಗ್ತೈತಿ.

ಚೈನ್_ಸ್ಪ್ರಾಕೆಟ್
ಧನ್ಯವಾದ ಅಣ್ಣಾ. ಪೆಟ್ರೋಲ್ ಎಷ್ಟು ಹೊರಬೇಕು? ಮನಾಲಿ-ಲೇಹ್ ದಾರಿಯ ತಾಂಡಿ ಬಂಕಿನ ಬೋರ್ಡಿನಲ್ಲಿ ಮುಂದಿನದು 365 ಕಿ.ಮೀ. ಅಂತ ಇರುತ್ತಂತೆ.

ಘಟ್ಟದ_ಕೆಳಗಿನವ
ಬೋರ್ಡಿನಲ್ಲಿ ಇರುವುದು ಲೇಹ್‌ವರೆಗಿನ ಲೆಕ್ಕ. ಅದಕ್ಕೂ 35 ಕಿ.ಮೀ. ಮೊದಲು ಕಾರುವಿನಲ್ಲಿ ಬಂಕ್ ಉಂಟು. ಹಾಗಾಗಿ ನಿಜವಾದ ಅಂತರ ಸುಮಾರು 330. ನೀವು ಸುತ್ತು ತಿರುಗಿಸಿದರೆ ಕಾರುವಿನಲ್ಲಿ ತುಂಬಿಸಿ ತಾಂಡಿವರೆಗೆ.

ಫಸ್ಟ್, ಸೆಕೆಂಡ್ ಗೇರಿನ ಓಟಕ್ಕೆ ಮೈಲೇಜ್ ಇಳಿಯುತ್ತದೆ. 411ಕ್ಕೆ 25 ಅಂತ ಹಿಡಿಯಿರಿ, 13 ಲೀಟರ್ ಚಿಲ್ಲರೆ ಬೇಕು, ಟ್ಯಾಂಕ್ 15. ಕ್ಲಾಸಿಕ್ಕಿನಲ್ಲಿ ಇಬ್ಬರು, 28 ಅಂತ ಹಿಡಿದರೂ 12 ಲೀಟರ್, ಟ್ಯಾಂಕ್ 13.5. ಎರಡೂ ಅಂಚಿನಲ್ಲಿ. ಹಾಗಾಗಿ ಎರಡು ಗಾಡಿಗೆ ಸೇರಿ ಒಂದು 5 ಲೀಟರ್ ಕ್ಯಾನ್ ಸಾಕು, ಅದನ್ನು ಒಬ್ಬರೇ ಕೂತ ಹಿಮಾಲಯನ್ ಮೇಲೆ ಕಟ್ಟಿ. 20 ಲೀಟರ್ ಹೊರುವವರು ಉಂಟು, ಸುಮ್ಮನೆ ಭಾರ. ಖರ್ದುಂಗ್ ಲಾ ಆಚೆ ನುಬ್ರಾ ಕಣಿವೆಯ ಡಿಸ್ಕಿಟ್‌ನಲ್ಲಿ ತುಂಬಿಸಿದರೆ ಶ್ಯೋಕ್ ನದಿಯ ದಾರಿಯಲ್ಲಿ ಪ್ಯಾಂಗಾಂಗ್ ನೋಡಿ ಕಾರುವಿಗೆ ಬರುವಾಗ ಸುಮಾರು 300 ಆಗ್ತದೆ.

ಕ್ಯಾನ್ ಕಂಠಮಟ್ಟ ತುಂಬಿಸಬಾರದು. ಹೊರಗಿನ ಒತ್ತಡ ಇಳಿದ ಹಾಗೆ ಉಬ್ಬಿ ಮುಚ್ಚಳದಿಂದ ಒಸರುತ್ತದೆ. ನಾಲ್ಕೂವರೆ ಲೀಟರ್ ಹಾಕಿ, ತೆಗೆಯುವಾಗ ಮುಚ್ಚಳ ನಿಧಾನ ತಿರುಗಿಸಿ, ಎಂಜಿನ್ ಬಿಸಿ ಇರುವಾಗ ಬೇಡ. ಸೈಲೆನ್ಸರ್ ಇರುವ ಕಡೆಗೆ ಕಟ್ಟಲೇಬೇಡಿ.

ಗೂಡ್ಸ್_ಶೆಡ್
ರೈಲಿನ ಬಗ್ಗೆ ಯಾರೂ ಬರೆದಿಲ್ಲ. ಎರಡು ಬಗೆ ಇದೆ. ಲಗೇಜ್ ಅಂದರೆ ಅದೇ ರೈಲಿನ ನಿಮ್ಮ ಟಿಕೆಟ್ ತೋರಿಸಿ ಜೊತೆಗೇ ಒಯ್ಯುವುದು. ಪಾರ್ಸೆಲ್ ಅಂದರೆ ಟಿಕೆಟ್ ಬೇಕಿಲ್ಲ, ಜಾಗ ಸಿಕ್ಕ ರೈಲಿನಲ್ಲಿ ಕಳಿಸುತ್ತಾರೆ. ಲಗೇಜ್ ಮಾಡಿಸಿದರೂ ಬ್ರೇಕ್ ವ್ಯಾನಿನಲ್ಲಿ ಜಾಗ ಇಲ್ಲದಿದ್ದರೆ ಬೈಕ್ ಪ್ಲಾಟ್‌ಫಾರ್ಮಿನಲ್ಲೇ ಉಳಿಯಬಹುದು. ಜೂನ್‌ನಲ್ಲಿ ಎರಡು ಬೈಕ್ ಒಟ್ಟಿಗೆ ಅಂದರೆ ಪಾರ್ಸೆಲ್ ಮಾಡಿ ಒಂದು ವಾರ ಮುಂಚೆ ಕಳಿಸಿ. ಇಳಿದ ಮೇಲೆ ನಿಗದಿತ ಗಂಟೆಗಳಲ್ಲಿ ಬಿಡಿಸಿಕೊಳ್ಳದಿದ್ದರೆ ಬಾಡಿಗೆ ಏರುತ್ತಾ ಹೋಗುತ್ತದೆ, ಚಂಡೀಗಢದಲ್ಲಿ ಬಿಡಿಸಿಡುವವರು ಯಾರಾದರೂ ಇದ್ದರೆ ಅನುಕೂಲ.

ಯಶವಂತಪುರದಿಂದ ಕರ್ನಾಟಕ ಸಂಪರ್ಕ ಕ್ರಾಂತಿ ನೇರ ಚಂಡೀಗಢಕ್ಕೆ ಹೋಗುತ್ತದೆ. ರೈಲು ಕೊನೆಯಾಗುವ ನಿಲ್ದಾಣಕ್ಕೇ ಬುಕ್ ಮಾಡಿ. ನಡುವಿನ ಸ್ಟೇಷನ್‌ನಲ್ಲಿ ಐದು ನಿಮಿಷ ನಿಲ್ಲುವ ರೈಲಿನಿಂದ ಬೈಕ್ ಇಳಿಸದೆ ಮುಂದಕ್ಕೆ ಹೋಗುವುದು ಮಾಮೂಲಿ.

ಬೇಕಾದ್ದು: ಮೂಲ ಆರ್‌ಸಿ ಮತ್ತು ನಕಲು, ಗುರುತಿನ ಚೀಟಿ, ಇನ್ಶೂರೆನ್ಸ್ ನಕಲು. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರಬಾರದು, ಪೈಪ್ ಬಿಚ್ಚಿ ನೋಡುತ್ತಾರೆ. ಕನ್ನಡಿ ಬಿಚ್ಚಿ ಬ್ಯಾಗಿಗೆ. ಹೆಡ್‌ಲೈಟ್, ಟ್ಯಾಂಕ್, ಇಂಡಿಕೇಟರ್‌ಗೆ ಥರ್ಮಾಕೋಲ್, ಅದರ ಮೇಲೆ ರಟ್ಟು, ಮೇಲೆ ಗೋಣಿ. ಸ್ಟೇಷನ್ ಹೊರಗೆ ಪ್ಯಾಕ್ ಮಾಡುವವರು ಗೋಣಿ ಸುತ್ತುತ್ತಾರೆ, ಒಳಗಿನ ಥರ್ಮಾಕೋಲ್ ನೀವೇ ಒಯ್ಯಿರಿ. ಹ್ಯಾಂಡಲ್ ಲಾಕ್ ಮಾಡಬೇಡಿ, ತಳ್ಳಲು ಆಗದಿದ್ದರೆ ಎತ್ತಿ ಎಸೆಯುತ್ತಾರೆ. ಖಾಲಿ, ಹೊಸ ಕ್ಯಾನ್ ನಿಮ್ಮ ಜೊತೆಗಿರಲಿ. ಚಂಡೀಗಢದಲ್ಲಿ ಬೈಕ್ ಇಳಿದಾಗ ಬಂಕ್‌ವರೆಗೆ ಹೋಗಲೂ ಪೆಟ್ರೋಲ್ ಇರುವುದಿಲ್ಲ.

ಬೆಂಗಳೂರಿನಿಂದ ಓಡಿಸಿಕೊಂಡೇ ಹೋಗುವ ಹುಮ್ಮಸ್ಸಿದ್ದರೆ ಹೆದ್ದಾರಿ 44 ನಮ್ಮೂರಿನಿಂದ ಶ್ರೀನಗರದವರೆಗೆ ಒಂದೇ ನಂಬರ್. ಆದರೆ ಜೂನ್‌ನಲ್ಲಿ ನಾಗಪುರದಿಂದ ಝಾನ್ಸಿವರೆಗಿನ ಬಿಸಿಲಿಗೆ ಬೆಟ್ಟ ನೋಡುವ ಮೊದಲೇ ಮೈ ಸೋತಿರುತ್ತದೆ.

ಚೈನ್_ಸ್ಪ್ರಾಕೆಟ್
ಹಾಗಾದರೆ ಬೈಕ್ ಪಾರ್ಸೆಲ್, ನಾವು ವಿಮಾನದಲ್ಲಿ. ಚಂಡೀಗಢದಿಂದ ಚಂಡೀಗಢಕ್ಕೆ 14 ದಿನ ಪೂರ್ತಿ ಸಿಗುತ್ತೆ. ಕ್ಲಾಸಿಕ್ ನನ್ನ ಭಾವನ ಹೆಸರಲ್ಲಿದೆ, ತೊಂದರೆ ಆಗುತ್ತಾ?

ಉತ್ತರಮುಖಿ
ಆಗಬಹುದು. ಲಡಾಖ್ ಹೊರಗೆ ಬಾಡಿಗೆಗೆ ಪಡೆದ ಬೈಕ್‌ಗಳನ್ನು ಅಲ್ಲಿನ ಬಾಡಿಗೆದಾರರ ಸಂಘದವರು ಖರ್ದುಂಗ್ ಲಾ, ಪ್ಯಾಂಗಾಂಗ್ ಕಡೆ ಬಿಡುವುದಿಲ್ಲ. ತಡೆದು ಆರ್‌ಸಿ ಕೇಳುತ್ತಾರೆ. ಸ್ವಂತ ಬೈಕ್‌ಗೆ ಅಡ್ಡಿಯಿಲ್ಲ. ಆರ್‌ಸಿಯಲ್ಲಿ ಬೇರೆ ಹೆಸರಿದ್ದರೆ ಬಾಡಿಗೆಯದು ಅಲ್ಲ ಎಂದು ನೀವೇ ತೋರಿಸಬೇಕು. ಭಾವ ಸಹಿ ಹಾಕಿದ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ ನಕಲು, ಸಂಬಂಧ ತೋರಿಸುವ ಏನಾದರೂ ಕಾಗದ ಇಟ್ಟುಕೊಳ್ಳಿ. ಭಾವನೇ ಮೂರನೆಯವರಾದರೆ ಸಮಸ್ಯೆಯೇ ಇಲ್ಲ. ರೈಲ್ವೆ ಪಾರ್ಸೆಲ್‌ನವರಿಗೂ ಅದೇ ಪತ್ರ ಬೇಕಾಗುತ್ತದೆ.

ನುಬ್ರಾ, ಪ್ಯಾಂಗಾಂಗ್‌ಗೆ ಲೇಹ್ ಜಿಲ್ಲಾಡಳಿತದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಪಡೆಯುವ ಚೀಟಿಯ ನಾಲ್ಕೈದು ಪ್ರಿಂಟ್ ಇರಲಿ. ಚೆಕ್‌ಪೋಸ್ಟ್‌ನಲ್ಲಿ ಫೋನ್ ತೋರಿಸಿದರೆ ನಡೆಯುವುದಿಲ್ಲ. ನಮ್ಮೂರಿನ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದ ಗಡಿ ದಾಟಿದರೆ ಸತ್ತಂತೆ. ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿ, ಅದೂ ಹೊರಡುವ ಮುನ್ನ ಕೆಲಸ ಮಾಡುತ್ತಿರಬೇಕು.

ಘಟ್ಟದ_ಕೆಳಗಿನವ
ನಾಲಾ ಬಗ್ಗೆ. ಅದು ಹಿಮ ಕರಗಿದ ನೀರು, ಬಿಸಿಲು ಏರಿದ ಹಾಗೆ ಏರುತ್ತದೆ. ಬೆಳಿಗ್ಗೆ 8ಕ್ಕೆ ಕಣಕಾಲು ಮಟ್ಟ ಇದ್ದದ್ದು 3 ಗಂಟೆಗೆ ಮೊಣಕಾಲು ದಾಟುತ್ತದೆ. ಹಾಗಂತ ಬೆಳಕು ಹರಿಯುವ ಮೊದಲೇ ಹೊರಟರೆ ಜೂನ್‌ನಲ್ಲಿ ಬಾರಾಲಾಚಾದ ರಸ್ತೆ ಮೇಲೆ ರಾತ್ರಿ ಹರಿದ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಬೆಳಿಗ್ಗೆ 7ರಿಂದ 11 ಒಳ್ಳೆ ಹೊತ್ತು.

ದಾಟುವ ಮೊದಲು ಒಬ್ಬರು ನಡೆದು ನೋಡಿ, ಅಥವಾ ಲಾರಿ ಹೋದ ಗೆರೆ ಹಿಡಿಯಿರಿ. ಫಸ್ಟ್ ಗೇರ್, ಒಂದೇ ಹದದ ಆಕ್ಸಿಲರೇಟರ್, ಕ್ಲಚ್ ಮುಟ್ಟಬೇಡಿ, ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಕಣ್ಣು ಆಚೆ ದಡದಲ್ಲಿ, ಹರಿಯುವ ನೀರು ನೋಡಿದರೆ ಹ್ಯಾಂಡಲ್ ಆ ಕಡೆಗೇ ಹೋಗ್ತದೆ. ಹಿಂದೆ ಕೂತವರು ಇಳಿದು ನಡೆಯಲಿ. ಬೈಕ್ ಬಿದ್ದು ಏರ್ ಫಿಲ್ಟರಿಗೆ ನೀರು ಹೋದರೆ ಸೆಲ್ಫ್ ಒತ್ತಬೇಡಿ, ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗ್ತದೆ. ಪ್ಲಗ್ ಬಿಚ್ಚಿ ಕಿಕ್ ಹೊಡೆದು ನೀರು ಹೊರಹಾಕಿ. ಹಿಮಾಲಯನ್‌ಗೆ ಕಿಕ್ ಇಲ್ಲ, ಪ್ಲಗ್ ಬಿಚ್ಚಿದ ಮೇಲೆ ಸೆಲ್ಫ್ ತಿರುಗಿಸಬಹುದು. ದಾಟಿದ ಮೇಲೆ ಬ್ರೇಕ್ ಎರಡು ಸಲ ಲಘುವಾಗಿ ಹಿಡಿದು ಒಣಗಿಸಿ, ರಾತ್ರಿ ಚೈನಿಗೆ ಎಣ್ಣೆ.

ಬಟ್ಟೆಗೆ ದೊಡ್ಡ ಪಟ್ಟಿ ಬೇಡ. ಎರಡು ಜೊತೆ ಗ್ಲೌಸ್, ಒಂದು ಒಣಗಿದ್ದೇ ಇರಬೇಕು. ಮಳೆ ಕೋಟು ಜಾಕೆಟ್ಟಿನ ಮೇಲೆ ಹಾಕುವಂಥದ್ದು. ಸಾಕ್ಸ್ ಮೇಲೆ ಪ್ಲಾಸ್ಟಿಕ್ ಚೀಲ, ನಾಲಾ ಇರುವ ದಿನ. ಊಟಕ್ಕೆ ಅನ್ನ ಹುಡುಕಬೇಡಿ, ಸರ್ಚುವಿನಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದ ಡಾಬಾದಲ್ಲಿ ಅಕ್ಕಿ ಬೇಯುವುದಿಲ್ಲ. ಚಿಕ್ಕಿ, ಹುರಿಗಡಲೆ ಬ್ಯಾಗಿನಲ್ಲಿ ಇರಲಿ.

ಚೈನ್_ಸ್ಪ್ರಾಕೆಟ್
ತಿದ್ದಿದ ಪ್ಲಾನ್: 1 ಜಮ್ಮು. 2 ಶ್ರೀನಗರ. 3 ಕಾರ್ಗಿಲ್. 4 ಲೇಹ್. 5, 6 ವಿಶ್ರಾಂತಿ, ಜೆಟ್ ಬದಲು. 7 ಖರ್ದುಂಗ್ ಲಾ ದಾಟಿ ಡಿಸ್ಕಿಟ್. 8 ಶ್ಯೋಕ್ ದಾರಿಯಲ್ಲಿ ತಾಂಗ್ಸೆ. 9 ಪ್ಯಾಂಗಾಂಗ್ ನೋಡಿ ಚಾಂಗ್ ಲಾ ಮೇಲೆ ಲೇಹ್. 10 ಲೇಹ್‌ನಿಂದ ಜಿಸ್ಪಾ. 11 ಮನಾಲಿ. 12 ಚಂಡೀಗಢ. ಎರಡು ದಿನ ಕೈಯಲ್ಲಿ. ಭಾವನನ್ನೂ ಒಪ್ಪಿಸಿದ್ದೇವೆ.

ಉತ್ತರಮುಖಿ
ತಾಂಗ್ಸೆಯಲ್ಲಿ ಮಲಗುವುದು ಸರಿ, ಪ್ಯಾಂಗಾಂಗ್ ದಂಡೆ 4,200 ಮೀಟರಿಗೂ ಮೇಲೆ, ಇದು ಅದಕ್ಕಿಂತ ಕೆಳಗೆ. 10ನೇ ದಿನ ಮಾತ್ರ ಬದಲಿಸಿ. ಲೇಹ್ ಕಡೆಯಿಂದ ಬರುವಾಗ ಬಾರಾಲಾಚಾ, ಜಿಂಗ್ ಜಿಂಗ್ ಬಾರ್ ಕಡೆಯ ನಾಲಾಗಳು ಸಿಗುವುದು ಸಂಜೆ, ನೀರು ಪೂರ್ತಿ ಏರಿರುವ ಹೊತ್ತಿಗೆ. ಆ ದಿನ ಸರ್ಚುವಿನಲ್ಲೇ ನಿಲ್ಲಿ, 250 ಕಿ.ಮೀ. ಆಗುತ್ತದೆ. ಅಷ್ಟರಲ್ಲಿ ದೇಹ ಆರು ದಿನ ಎತ್ತರದಲ್ಲಿ ಪಳಗಿರುತ್ತದೆ, ಮೊದಲು ಬೇಡ ಎಂದಿದ್ದ ಸರ್ಚು ಈಗ ಆಗುತ್ತದೆ. ಮರುದಿನ 7ಕ್ಕೆ ಹೊರಟು ಬಾರಾಲಾಚಾ ದಾಟಿದರೆ ಮಧ್ಯಾಹ್ನಕ್ಕೆ ಜಿಸ್ಪಾ, ಸಂಜೆಗೆ ಮನಾಲಿ, ಸರ್ಚುವಿನಿಂದ 180 ಕಿ.ಮೀ. ಒಳಗೆ. ದಿನ ಹೆಚ್ಚಾಗುವುದಿಲ್ಲ.

ಹುಬ್ಬಳ್ಳಿ_ಗ್ಯಾರೇಜ್
ಸರ್ಚುವಿನ್ಯಾಗ ರಾತ್ರಿ ಗಾಡಿ ಗಾಳಿಗೆ ಅಡ್ಡ ಗುಡಾರದ ಮರೆಯಾಗ ನಿಲ್ಲಸ್ರಿ, ಸೀಟಿಂದ ಟ್ಯಾಂಕಿನವರೆಗೆ ಕವರ್ ಹಾಕ್ರಿ. ಮುಂಜಾನೆ ಮೊದಲ ಹಿಮಾಲಯನ್ ಸೆಲ್ಫ್ ಒತ್ತಿ ನೋಡ್ರಿ, ಒಂದು ಸಲಕ್ಕ ಐದು ಸೆಕೆಂಡಿಗಿಂತ ಹೆಚ್ಚು ಬ್ಯಾಡ, ನಡುವ ಅರ್ಧ ನಿಮಿಷ ಬಿಡ್ರಿ, ಬ್ಯಾಟರಿ ಚಳಿಗೆ ಸೊರಗಿರ್ತೈತಿ. ಕ್ಲಾಸಿಕ್ಕಿಗೆ ಕಿಕ್ ಹೊಡೀರಿ, ಚೋಕ್ ಹಿಡಿದ್ರ ಹತ್ತಿದ ಕೂಡಲೆ ಅರ್ಧಕ್ಕ ಇಳಿಸ್ರಿ, ಇಲ್ಲಂದ್ರ ಅಲ್ಲೇ ಪ್ಲಗ್ ತೊಯ್ತಾವು.